ಮಂಕಿ ಕ್ಯಾಪ್ ಮತ್ತು ಸೋರೆಕಾಯಿ ಲೆನ್ಸು

"ಎಲ್ಲೈತೆ ಅದು? ಕಳ್ಸಮ್ಮಾ ಈಚೆಗೆ ಅದನ್ನ!"

ನವ್ಯಶ್ರೀ ಬಾಯಲ್ಲಿದ್ದ ಬ್ರಶ್ ತೆಗೆಯದೆ ಬಾಗಿಲ ಕಡೆ ನೋಡಿದಳು. ಮುನಿಸ್ವಾಮಪ್ಪ ತಾತ ನಿಂತಿದ್ದರು. ದಿನಾ ನೋಡುವ ತಾತನೇ. ಆದರೂ ಏನೋ ಬೇರೆಯಾಗಿತ್ತು. ಸ್ವಲ್ಪ ಹೊತ್ತು ನೋಡಿದ ಮೇಲೆ ಗೊತ್ತಾಯಿತು. ತಾತನಿಗೆ ಕಿವಿಗಳಿದ್ದವು!

ದೀಪಾವಳಿ ಕಳೆದು ಚಳಿ ಶುರುವಾದರೆ ಶಿವರಾತ್ರಿಯವರೆಗೂ ಆ ಬೀದಿಯಲ್ಲಿ ತಾತನ ಕಿವಿಯನ್ನು ಯಾರೂ ನೋಡುತ್ತಿರಲಿಲ್ಲ. ಅವು ಮೆರೂನ್ ಬಣ್ಣದ ಮಂಕಿ ಕ್ಯಾಪಿನ ಒಳಗೆ ಬೆಚ್ಚಗೆ ಇರುತ್ತಿದ್ದವು. ಹಸು ಕರೆಯುವಾಗಲೂ ಕ್ಯಾಪ್, ಊಟ ಮಾಡುವಾಗಲೂ ಕ್ಯಾಪ್. ಅದನ್ನು ಒಗೆಯಬೇಕಾದರೆ ಅವರ ಹೆಂಡತಿ ಪಾಪಕ್ಕಜ್ಜಿ, ತಾತ ನಿದ್ದೆ ಹೋಗುವ ತನಕ ಕಾಯಬೇಕಿತ್ತು.

"ಏನಾಯ್ತು ಯಜಮಾನ್ರೇ?" ಎನ್ನುತ್ತಾ ಅಮ್ಮ ಅಡುಗೆಮನೆಯಿಂದ ಬಂದರು.

"ಇನ್ನೇನಾಗ್ಬೇಕು? ನಮ್ಮವ್ಳು ಕ್ಯಾಪ್ ಒಗೆದು ತಂತಿ ಮೇಲೆ ಆಕಿದ್ಲು. ಈಗ ನೋಡಿದ್ರೆ ಕ್ಲಿಪ್ ಐತೆ, ಕ್ಯಾಪ್ ಇಲ್ಲ! ಎಲ್ಲಿ ಆ ದೊಂಗ?"

ತಾತನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ದೊಂಗ ಅಂದರೆ ಕಳ್ಳ. ಮಂಚದ ಕೆಳಗಿನಿಂದ ಕಂದು ಬಣ್ಣದ ಬಾಲವೊಂದು ಮೆಲ್ಲಗೆ ಒಳಗೆ ಸರಿಯಿತು. ಅದು ಜಾಮೂನು, ನವ್ಯಶ್ರೀಯ ನಾಯಿ. ಬಣ್ಣದಲ್ಲೂ ದುಂಡು ಮೈಯಲ್ಲೂ ಹೆಸರಿಗೆ ತಕ್ಕ ಹಾಗೇ ಇತ್ತು.

"ಜಾಮೂನು ತಗೊಂಡಿಲ್ಲ ತಾತ. ತಂತಿ ಎಷ್ಟು ಎತ್ತರ ಇದೆ! ಅದಕ್ಕೆ ಮಂಚ ಹತ್ತೋಕೇ ಬರಲ್ಲ."

"ಎಗರ್ತದೆ! ಕಳ್ಳರಿಗೆ ಎಗರೋದು ಏಳ್ಕೊಡ್ಬೇಕಾ? ಓದ್ ತಿಂಗ್ಳು ನನ್ ಚಪ್ಲಿ ಯಾರಮ್ಮಾ ತಗೊಂಡಿದ್ದು? ಅದ್ಕೂ ಮುಂಚೆ ಪೊರಕೆ?"

ಚಪ್ಪಲಿ ತೆಗೆದುಕೊಂಡಿದ್ದು ಜಾಮೂನೇ. ಪೊರಕೆಯೂ.

"ಬಾನುವಾರ ಸೊಣ್ಣಪ್ಪ ಅಸುಗಳ್ಗೆ ಉಲ್ಲು ತತ್ತಾನೆ," ಎಂದರು ತಾತ. "ಅವನ ಟೊಮೇಟೊ ತೋಟಕ್ಕೆ ಕಾವಲಿಗೆ ನಾಯಿ ಬೇಕಂತೆ. ಓಗ್ತಾ ಗಾಡೀಲಿ ಇದನ್ನ ಆಕ್ಕೊಂಡು ಓಗ್ಲಿ. ಆಗಲ್ಲ ಅಂದ್ರೆ ನೀವು ಬೇರೆ ಮನೆ ನೋಡ್ಕಳಿ."

ತಾತ ಮನೆಯ ಓನರ್. ಮುಂದಿನ ಮನೆ ಅವರದು, ಹಿಂದಿನದು ಬಾಡಿಗೆಗೆ. ಮಂಚದ ಕೆಳಗಿನಿಂದ ಜಾಮೂನು ಒಂದು ಸಲ ಸೀನಿತು.

*

ಅವತ್ತು ಸಂಜೆ ನವ್ಯಶ್ರೀ ಅಳುವುದಕ್ಕೆಂದು ತಾರಸಿ ಹತ್ತಿದಳು. ಆದರೆ ತಮ್ಮ ಮಂಜೇಶನೂ ಹಿಂದೆಯೇ ಬಂದ. ಒಂದನೇ ಕ್ಲಾಸಿನವನು. ಅವನೆದುರು ಅಳಲು ಅವಳಿಗೆ ನಾಚಿಕೆಯಾಯಿತು. ಅದಕ್ಕೇ ದೂರ ಎಲ್ಲೋ ನೋಡುತ್ತಾ ನಿಂತಳು.

ಕೆಜಿಎಫ್‌ನ ಚಾಂಪಿಯನ್ ರೀಫ್ಸಿನ ಅಂಚಿನ ಆ ಬೀದಿಯಿಂದ ದೂರ ನೋಡಿದರೆ ಕಾಣುವುದು ಹಳೆಯ ಚಿನ್ನದ ಗಣಿಯ ಕಬ್ಬಿಣದ ಗೋಪುರ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಗೋಪುರದ ನೆತ್ತಿಯ ಚಕ್ರ ಈಗ ತಿರುಗುವುದಿಲ್ಲ. ಸುತ್ತ ಬೇಲಿ ಇದೆ, ಬೇಲಿಯ ಹತ್ತಿರ ಹೋದರೆ ವಾಚ್‌ಮನ್ ಸೀಟಿ ಊದುತ್ತಾನೆ.

ಆ ಚಕ್ರದ ಪಕ್ಕದಲ್ಲಿ ಒಂದು ಗೂಡಿತ್ತು. ಗೂಡಿನ ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಗೂಡಿನ ಅಂಚಿನಿಂದ ಮೆರೂನ್ ಬಣ್ಣದ್ದು ಏನೋ ಜೋತಾಡುತ್ತಿತ್ತು.

"ಮಂಜಾ, ಅಲ್ಲಿ ನೋಡು! ತಾತನ ಕ್ಯಾಪ್!"

ಮಂಜೇಶ ಕಣ್ಣು ಕಿರಿದು ಮಾಡಿ ನೋಡಿದ. "ಹದ್ದಿಗೆ ಚಳಿಯಾಗಿತ್ತಾ ಅಕ್ಕಾ?"

ಇಬ್ಬರೂ ಇಳಿದು ಓಡಿದರು. ತಾತ ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದರು.

"ಅದ್ದಂತೆ! ಕ್ಯಾಪಂತೆ!" ಎಂದರು ಹಸುವಿನ ಹತ್ತಿರ. "ಕೇಳ್ದೇನಮ್ಮಾ ಲಚ್ಚೀ? ನಾಳೆ ಕಾಗೆ ಬಂದು ನನ್ ಪಂಚೆ ಉಟ್ಕೊಂಡ್ ಓಯ್ತು ಅಂತಾರೆ."

ನವ್ಯಶ್ರೀ ಅಮ್ಮನ ಮೊಬೈಲ್ ತೆಗೆದುಕೊಂಡು ಮತ್ತೆ ತಾರಸಿ ಹತ್ತಿದಳು. ಎಷ್ಟು ಆಗುತ್ತೋ ಅಷ್ಟು ಜೂಮ್ ಮಾಡಿ ಫೋಟೋ ತೆಗೆದಳು. ತಾತ ಫೋಟೋವನ್ನು ಮೂಗಿನ ಹತ್ತಿರ ಹಿಡಿದರು, ಆಮೇಲೆ ದೂರ ಹಿಡಿದರು. ಅದರಲ್ಲಿ ಬರೀ ಚೌಕ ಚೌಕಗಳಿದ್ದವು.

"ಇದು ಅದ್ದಲ್ಲ, ಕಡ್ಲೇಮಿಠಾಯಿ," ಎಂದು ಮೊಬೈಲ್ ವಾಪಸ್ ಕೊಟ್ಟರು. "ಬಾನುವಾರದೊಳ್ಗೆ ಸರಿಯಾಗಿ ಕಾಣೋ ಫೋಟೋ ತಂದು ತೋರ್ಸು. ಆವಾಗ ನೋಡೋಣ."

*

ಸರಿಯಾಗಿ ಕಾಣುವ ಫೋಟೋ ತೆಗೆಯುವವರು ನವ್ಯಶ್ರೀಗೆ ಗೊತ್ತಿದ್ದದ್ದು ಒಬ್ಬರೇ. ರವಿ ಮಾವ, ಅಮ್ಮನ ತಮ್ಮ. ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಅವರ ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್, ಎಲ್ಲ ತೆಗೆಯುತ್ತಿದ್ದರು. ಅವಳು ಫೋನ್ ಮಾಡಿದ್ದಕ್ಕೆ ಭಾನುವಾರ ಬೆಳಿಗ್ಗೆ ಮಾರಿಕುಪ್ಪಂ ಟ್ರೈನಿನಲ್ಲಿ ಬಂದಿಳಿದರು.

"ಮಾವಾ, ಪಾನಿಪೂರಿ ತಂದ್ಯಾ?" ಎಂದು ಮಂಜೇಶ ಗೇಟಿನಲ್ಲೇ ಕೇಳಿದ.

"ಟ್ರೈನಲ್ಲಿ ತಂದಿದ್ರೆ ಪೂರಿ ಕೈಯಲ್ಲಿರ್ತಿತ್ತು, ಪಾನಿ ಪ್ಯಾಂಟ್ ಮೇಲಿರ್ತಿತ್ತು. ಇದನ್ನ ನೋಡು ಮೊದ್ಲು."

ಮಾವನ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಉದ್ದನೆಯ ಗಂಟೊಂದಿತ್ತು. ಬಿಚ್ಚಿದರೆ ಲೆನ್ಸು! ಸಂತೆಯಲ್ಲಿ ಸಿಗುವ ಒಳ್ಳೇ ಸೋರೆಕಾಯಿಯಷ್ಟು ಉದ್ದ. ಹಳೆಯ ಕಾಲದ್ದು, ಪೂರ್ತಿ ಕಬ್ಬಿಣದ ಹಾಗೆ ಭಾರ.

"ಟ್ರೈನಲ್ಲಿ ಒಬ್ರು ಅಜ್ಜಿ ಇದನ್ನ ಫ್ಲಾಸ್ಕ್ ಅಂದ್ಕೊಂಡು ಲೋಟ ಚಾಚಿದ್ರು," ಎಂದರು ಮಾವ. "ಕಾಫಿ ಇಲ್ಲ ಅಂದಿದ್ದಕ್ಕೆ ಊರ್ಗಾಂ ಸ್ಟೇಷನ್‌ವರೆಗೂ ಬೈಕೊಂಡೇ ಬಂದ್ರು."

"ಮೂರು ಕಾಲಿನ ಸ್ಟ್ಯಾಂಡ್ ಎಲ್ಲಿ ಮಾವಾ?" ನವ್ಯಶ್ರೀ ಕೇಳಿದಳು. ಮದುವೆಗಳಲ್ಲಿ ಅದನ್ನು ನೋಡಿದ್ದಳು.

"ಸ್ಟ್ಯಾಂಡಾ? ಯಾಕೆ ಬೇಕು?" ಮಾವ ಕ್ಯಾಮೆರಾವನ್ನು ಕರುವಿನ ತಲೆ ಸವರುವ ಹಾಗೆ ಸವರಿದರು. "ಹೊಸ ಕ್ಯಾಮೆರಾ ಕಣೇ ಇದು. ಒಳಗೇ ಸ್ಟೆಬಿಲೈಜೇಶನ್ ಇದೆ. ನನ್ ಕೈ ನಡುಗ್ಲಿ, ಭೂಮಿ ನಡುಗ್ಲಿ, ಫೋಟೋ ಮಾತ್ರ ನಡುಗಲ್ಲ!"

ಎಲ್ಲರೂ ತಾರಸಿಗೆ ಹತ್ತಿದರು. ಅಮ್ಮ ಮಾತ್ರ ಅಡುಗೆಗೆಂದು ಕೆಳಗೇ ಉಳಿದರು. ಅಪ್ಪ ಮನೆಯಲ್ಲಿರಲಿಲ್ಲ, ಅವರಿಗೆ ಫ್ಯಾಕ್ಟರಿಯಲ್ಲಿ ಭಾನುವಾರವೂ ಓ.ಟಿ. ಮುನಿಸ್ವಾಮಪ್ಪ ತಾತ ತಲೆಗೆ ಟವೆಲ್ ಕಟ್ಟಿಕೊಂಡು ಕುರ್ಚಿ ಸಮೇತ ಬಂದರು. ಪಾಪಕ್ಕಜ್ಜಿ ಮೊರದ ತುಂಬ ಅವರೆಕಾಯಿ ತಂದು ಸುಲಿಯುತ್ತಾ ಕುಳಿತರು. ಜಾಮೂನಿಗೆ ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲ. ಕೆಳಗೇ ನಿಂತು ಮೇಲೆ ನೋಡಿತು.

ಮೋಡ ಮುಚ್ಚಿದ ದಿನ. ಮಾವ ಲೆನ್ಸು ಎತ್ತಿ ಗೋಪುರದ ಕಡೆ ಹಿಡಿದರು. ಅದರ ಭಾರಕ್ಕೆ ಮಾವನ ಮೊಣಕೈ, ಮೊಣಕೈ ಹಿಂದೆ ಹೊಟ್ಟೆ, ಎರಡೂ ಸಣ್ಣಗೆ ನಡುಗಿದವು. ಚಕ್, ಚಕ್, ಚಕ್.

"ಮುಗೀತು!" ಎಂದರು ಮಾವ. "ನೋಡ್ಕೊಳ್ಳಿ."

ಎಲ್ಲರೂ ಕ್ಯಾಮೆರಾದ ಹಿಂದಿನ ಪುಟ್ಟ ಪರದೆಗೆ ತಲೆ ಹಾಕಿದರು. ಫೋಟೋದಲ್ಲಿ ಹದ್ದಿಗೆ ನಾಲ್ಕು ತಲೆಗಳಿದ್ದವು.

ಪಾಪಕ್ಕಜ್ಜಿ ಅವರೆಕಾಯಿ ಬಿಟ್ಟು ಕೈ ಮುಗಿದರು. "ಬ್ರಹ್ಮದೇವ್ರು ಕಣಪ್ಪಾ!"

"ಅಲ್ಲ ಕಣೇ, ಇಲ್ನೋಡು ಬಾಲ," ಎಂದರು ತಾತ. "ಇದು ನಾಯಿ."

"ನಾಯಿ ಆ ಗೋಪುರ ಹತ್ತುತ್ತಾ ತಾತ?"

"ಕಳ್ ನಾಯಿ ಎಲ್ಲಿಗ್ ಬೇಕಾದ್ರೂ ಅತ್ತುತ್ತೆ."

"ಗಾಳಿ ಇತ್ತು," ಎಂದರು ಮಾವ. ಗಾಳಿ ಇರಲಿಲ್ಲ.

ಎರಡನೇ ಸಲ ಮಾವ ಉಸಿರು ಕಟ್ಟಿ ತೆಗೆದರು. ಮುಖ ಬದನೆಕಾಯಿಯ ಬಣ್ಣಕ್ಕೆ ಬಂತು, ಫೋಟೋ ಬರಲಿಲ್ಲ. ಮೂರನೇ ಸಲ ಲೆನ್ಸನ್ನು ಮಂಜೇಶನ ತಲೆಯ ಮೇಲಿಟ್ಟು ತೆಗೆದರು. "ಅಲ್ಲಾಡ್ಬೇಡ ಕಣೋ" ಅಂದ ಕೂಡಲೇ ಮಂಜೇಶನಿಗೆ ನಗು ಬಂತು. ನಗು ತಡೆದುಕೊಂಡರೆ ಬಿಕ್ಕಳಿಕೆ ಬಂತು. ಆ ಫೋಟೋದಲ್ಲಿ ಗೋಪುರವೇ ಕುಣಿಯುತ್ತಿತ್ತು.

ನವ್ಯಶ್ರೀಗೆ ಮಾತ್ರ ನಗು ಬರಲಿಲ್ಲ. ಸೊಣ್ಣಪ್ಪನ ಗಾಡಿ ಊಟದ ಹೊತ್ತಿಗೆ ಬರುವುದಿತ್ತು.

"ಮಾವಾ, ಆ ಸ್ಟೆಬಿಲೈಜೇಶನ್ ನಿಜವಾಗ್ಲೂ ಒಳಗೆ ಇದ್ಯಾ?"

"ಇಲ್ದೆ ಏನು? ಕಿವಿ ಕೊಟ್ಟು ಕೇಳು."

ಅವಳು ಕ್ಯಾಮೆರಾಗೆ ಕಿವಿ ಹಚ್ಚಿದಳು. ಒಳಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ದುಂಬಿ ಬೆಂಕಿಪೊಟ್ಟಣದೊಳಗೆ ಇದ್ದ ಹಾಗೆ.

"ಅದು ಏನು ಮಾಡುತ್ತೆ?"

ಮಾವ ಸುತ್ತ ನೋಡಿದರು. ಪಾಪಕ್ಕಜ್ಜಿಯ ಕೋಳಿಯೊಂದು ಅವರೆಕಾಳಿನ ಆಸೆಗೆ ತಾರಸಿ ಹತ್ತಿ ಬಂದಿತ್ತು. ಮಾವ ಅದನ್ನು ಎರಡು ಕೈಯಲ್ಲಿ ಹಿಡಿದು ಎತ್ತಿದರು.

"ತಲೆ ನೋಡ್ತಿರು." ಕೋಳಿಯ ಮೈಯನ್ನು ಮೆಲ್ಲಗೆ ಎಡಕ್ಕೆ ಸರಿಸಿದರು. ಕತ್ತು ಉದ್ದವಾಯಿತು, ತಲೆ ಇದ್ದಲ್ಲೇ ಇತ್ತು. ಬಲಕ್ಕೆ ಸರಿಸಿದರು. ತಲೆ ಆಗಲೂ ಇದ್ದಲ್ಲೇ! ಗಾಳಿಗೆ ಮೊಳೆ ಹೊಡೆದು ನಿಲ್ಲಿಸಿದ ಹಾಗೆ.

"ಕ್ಯಾಮೆರಾ ಒಳಗೆ ಒಂದು ಪುಟ್ಟ ಹಲಗೆ ಇದೆ. ಫೋಟೋ ಬೀಳೋದು ಅದರ ಮೇಲೆ. ನನ್ ಕೈ ಈ ಕಡೆ ಅಲ್ಲಾಡಿದ್ರೆ ಹಲಗೆ ಆ ಕಡೆ ಜರುಗುತ್ತೆ. ಈ ಕೋಳಿ ಥರ."

"ಹಂಗಾದ್ರೆ ಕ್ಯಾಮೆರಾನ ಕೋಳಿ ತಲೆಗೇ ಕಟ್ಟಿಬಿಡು ಮಾವಾ!" ಎಂದ ಮಂಜೇಶ, ಬಿಕ್ಕಳಿಸುತ್ತಲೇ.

"ನನ್ ಕೋಳಿ ಬಿಡಪ್ಪಾ ಮೊದ್ಲು. ಮೊಟ್ಟೆ ಇಡೋದು ನಿಲ್ಸಿಬಿಟ್ಟಾತು," ಎಂದರು ಅಜ್ಜಿ.

*

ಗೇಟಿನ ಹತ್ತಿರ ಪೀಂ ಪೀಂ ಎಂದಿತು. ಸೊಣ್ಣಪ್ಪನ ಲಗೇಜ್ ಆಟೋ. ಹುಲ್ಲು ಇಳಿಸಿದ ಮೇಲೆ ಸೊಣ್ಣಪ್ಪ ಹಗ್ಗದ ಸಿಂಬಿಯನ್ನು ತೋಳಿಗೆ ಹಾಕಿಕೊಂಡು ತಾರಸಿಗೇ ಬಂದ. ಅವನ ಹಿಂದೆ, ಮೊದಲ ಸಲ ಒಂದೊಂದೇ ಮೆಟ್ಟಿಲು ಏದುಸಿರು ಬಿಡುತ್ತಾ, ಜಾಮೂನೂ ಹತ್ತಿ ಬಂತು. ಬಂದದ್ದೇ ಸೊಣ್ಣಪ್ಪನ ಕೈ ನೆಕ್ಕಿತು. ಆಮೇಲೆ ಹಗ್ಗವನ್ನೂ ನೆಕ್ಕಿತು.

"ಇದೇನಾ ನಾಯಿ?" ಸೊಣ್ಣಪ್ಪನಿಗೆ ಸ್ವಲ್ಪ ಯೋಚನೆಯಾಯಿತು. "ಬೊಗಳ್ತದಾ?"

"ಇಲ್ಲ ಮಾಮ, ಬಾಲ ಅಲ್ಲಾಡ್ಸುತ್ತೆ," ಎಂದ ಮಂಜೇಶ.

"ಕಳ್ರು ಬಂದ್ರೆ ಇದೇ ಕರ್ಕೊಂಡೋಗಿ ಟೊಮೇಟೊ ತೋರ್ಸೋ ಅಂಗೈತಲ್ಲ. ಓಗ್ಲಿ ಬಿಡಿ, ಸರಪಣೀಲಿ ಕಟ್ಟಾಕಿದ್ರೆ ಬುದ್ಧಿ ಬತ್ತದೆ."

ಸರಪಣಿ. ನವ್ಯಶ್ರೀ ಜಾಮೂನಿನ ಕತ್ತು ತಬ್ಬಿಕೊಂಡು ಕುಳಿತುಬಿಟ್ಟಳು.

"ಊಟ ಮಾಡ್ಕೊಂಡು ಹೋಗಿ ಸೊಣ್ಣಪ್ಪಣ್ಣ," ಎಂದು ಅಮ್ಮ ಕೆಳಗಿನಿಂದ ಕೂಗಿದರು. "ಹಿತಕಿದ ಅವರೆ ಸಾರು, ಮುದ್ದೆ."

ಸೊಣ್ಣಪ್ಪ ಹಗ್ಗ ಅಲ್ಲೇ ಇಟ್ಟು ಇಳಿದು ಹೋದ. ಅವರೆಕಾಳಿನ ಕಾಲದಲ್ಲಿ ಆ ಮಾತಿಗೆ ಇಲ್ಲ ಎನ್ನುವವರು ಕೋಲಾರದ ಕಡೆ ಯಾರೂ ಇಲ್ಲ.

"ಮಾವಾ, ಇನ್ನೊಂದ್ ಸಲ. ಪ್ಲೀಸ್."

ಮಾವ ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರು. ಪರದೆಯ ಮೇಲೆ ಏನೋ ಅಕ್ಷರ ಬಂತು, ಕೆಳಗೆ ಒಂದು ನಂಬರ್. ಮಾವ ಓದದೆಯೇ ಪಟಕ್ ಎಂದು ಓಕೆ ಒತ್ತಿದರು.

"ಅದೇನು ಮಾವಾ, ನಂಬರ್?"

"ಅದಾ? ಈ ಹಳೇ ಲೆನ್ಸ್ ಹಾಕಿದಾಗೆಲ್ಲ ಕೇಳುತ್ತೆ. ಸ್ಟೆಬಿಲೈಜೇಶನ್ ಎಷ್ಟು ಇಡ್ಲಿ ಅಂತ. ನಾನು ಐವತ್ತಕ್ಕೇ ಇಟ್ಟಿರ್ತೀನಿ."

"ಯಾಕೆ ಐವತ್ತು?"

"ಹೊಸ ಕ್ಯಾಮೆರಾ ಅಲ್ವೇನೇ? ಫುಲ್ ಓಡ್ಸಿದ್ರೆ ಒಳಗಿನ ಮೋಟರ್ ಬೇಗ ಸವೆಯುತ್ತೆ. ನಿಮ್ಮಮ್ಮ ಮಿಕ್ಸಿ ಎಷ್ಟರಲ್ಲಿ ಇಡ್ತಾಳೆ?"

"ಒಂದರಲ್ಲಿ."

"ಫ್ಯಾನು?"

"ಎರಡರಲ್ಲಿ."

"ಹ್ಞಾ! ಅದಕ್ಕೇ ನಮ್ಮ ಮನೆತನದ ಸಾಮಾನೆಲ್ಲ ಬಾಳಿಕೆ ಬರೋದು."

ಮುನಿಸ್ವಾಮಪ್ಪ ತಾತ ಮೆಚ್ಚಿ ತಲೆದೂಗಿದರು. ಅವರೂ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕದೆ ಇಪ್ಪತ್ತು ವರ್ಷ ಓಡಿಸಿದವರು.

ನವ್ಯಶ್ರೀ ಜಾಮೂನನ್ನು ಬಿಟ್ಟು ಎದ್ದಳು. "ಮಾವಾ, ಇವತ್ತೊಂದು ದಿನ ಫುಲ್ ಇಡು. ಸವೆದ್ರೆ ಸವೀಲಿ."

ಮಾವ ಸೊಸೆಯ ಮುಖ ನೋಡಿ ನೂರಕ್ಕೆ ಏರಿಸಿದರು. ಚಕ್. ಹದ್ದಿನ ತಲೆಗಳು ನಾಲ್ಕರಿಂದ ಮೂರಕ್ಕೆ ಇಳಿದವು!

"ಒಂದು ತಲೆ ಓಯ್ತು," ಎಂದರು ಅಜ್ಜಿ, ಸ್ವಲ್ಪ ಬೇಜಾರಿನಿಂದ.

ನವ್ಯಶ್ರೀ ಬಟನ್ ಒತ್ತುತ್ತಲೇ ಹೋದಳು. ನೂರು ಆದಮೇಲೂ ನಂಬರ್ ನಿಲ್ಲಲಿಲ್ಲ. ಇನ್ನೂರು, ಮುನ್ನೂರು. ಕೊನೆಗೆ ಸಾವಿರಕ್ಕೆ ಬಂದು ನಿಂತಿತು.

"ಸಾವಿರನಾ!" ಮಾವ ಎದೆ ಹಿಡಿದುಕೊಂಡರು.

ಚಕ್. ಈ ಸಲ ನೋಡಿದರೆ ಗೋಪುರ, ಗೂಡು, ಹದ್ದು, ಮೋಡ ಎಲ್ಲವೂ ಓಡಾಡುತ್ತಿದ್ದವು. ಮೊದಲಿಗಿಂತ ಕೆಟ್ಟದಾಗಿತ್ತು. ಪಾಯಸಕ್ಕೆ ಉಪ್ಪು ಸುರಿದ ಹಾಗೆ.

"ಒಳಗಿನ ಕೋಳಿಗೆ ಯಾರೋ ಕುಡ್ಸವ್ರೆ," ಎಂದರು ತಾತ.

ನವ್ಯಶ್ರೀ ಪರದೆಯನ್ನು ಹತ್ತಿರಕ್ಕೆ ಹಿಡಿದು, ಇಂಗ್ಲಿಷ್ ಪಾಠ ಓದುವಾಗಿನ ಹಾಗೆ ಬೆರಳಿಟ್ಟು ಓದಿದಳು. "ಫೋ...ಕಲ್. ಲೆಂತ್." ಆಮೇಲೆ ತಲೆ ಎತ್ತಿದಳು. "ಮಾವಾ, ಲೆಂತ್ ಅಂದ್ರೆ ಉದ್ದ ಅಲ್ವಾ? ಅದು ಶಕ್ತಿ ಎಷ್ಟು ಅಂತ ಕೇಳ್ತಿಲ್ಲ. ಲೆನ್ಸು ಎಷ್ಟು ಉದ್ದ ಅಂತ ಕೇಳ್ತಿದೆ."

ಮಾವ ಲೆನ್ಸನ್ನು ತಿರುಗಿಸಿ ನೋಡಿದರು. ಅಂಚಿನಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು: 500. ಮಾವ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಅಂಗೈಯಿಂದ ಹಣೆ ಚಚ್ಚಿಕೊಂಡರು.

"ಹಳೇ ಲೆನ್ಸು ಅಲ್ವಾ, ತಾನೆಷ್ಟು ಉದ್ದ ಅಂತ ಕ್ಯಾಮೆರಾಗೆ ತಾನೇ ಹೇಳೋಕೆ ಇದಕ್ಕೆ ಬಾಯಿಲ್ಲ. ನಾವು ಹೇಳ್ಬೇಕು. ನಾನು ಐವತ್ತು ಐವತ್ತು ಅಂತ ಸುಳ್ಳು ಹೇಳ್ಕೊಂಡೇ ಬಂದಿದೀನಿ!"

"ಹೇಳಿದ್ರೆ ಏನಾಗುತ್ತೆ?" ಮಂಜೇಶ ಕೇಳಿದ. ಬಿಕ್ಕಳಿಕೆ ನಿಂತಿತ್ತು.

ಮಾವ ಗೋಡೆಗೆ ಒರಗಿಸಿದ್ದ ದೋಟಿಯನ್ನು ಎತ್ತಿಕೊಂಡರು. ಅಜ್ಜಿ ನುಗ್ಗೆಕಾಯಿ ಕೀಳುತ್ತಿದ್ದ, ತುದಿಗೆ ಕೊಕ್ಕೆಯಿದ್ದ ಉದ್ದನೆಯ ಬಿದಿರಿನ ಕೋಲು. "ಸೌಟು ಹಿಡಿದಾಗ ಕೈ ಇಷ್ಟು ನಡುಗಿದ್ರೆ ಸೌಟಿನ ತುದಿ ಎಷ್ಟು ಅಲ್ಲಾಡುತ್ತೆ? ಇಷ್ಟೇ. ದೋಟಿ ಹಿಡಿದಾಗ?"

ಮಾವನ ಕೈ ಒಂದಿಷ್ಟೇ ನಡುಗಿತು. ದೋಟಿಯ ತುದಿ ಸುಂಯ್ ಎಂದು ಬೀಸಿ ತಾತನ ತಲೆಯ ಟವೆಲನ್ನು ಕೊಕ್ಕೆಗೆ ಸಿಕ್ಕಿಸಿಕೊಂಡಿತು.

"ಲೇ ಲೇ ಲೇ!"

"ಸಾರಿ ಯಜಮಾನ್ರೇ. ಗೊತ್ತಾಯ್ತಾ ಮಂಜಾ? ಪಾಪದ ಕ್ಯಾಮೆರಾ ಇಷ್ಟೊತ್ತೂ ಸೌಟು ಹಿಡಿದಿದೀನಿ ಅಂದ್ಕೊಂಡು ಕೆಲ್ಸ ಮಾಡ್ತಿತ್ತು. ಹಿಡಿದಿದ್ದು ದೋಟಿ!"

ಐನೂರು ಎಂದು ಒತ್ತಿದರು. ಒಳಗಿನ ದುಂಬಿ ಗುಂಯ್ ಅಂದಿತು. ಚಕ್.

ಹದ್ದಿಗೆ ಒಂದೇ ತಲೆ!

ಆದರೆ ಆ ತಲೆಯ ಅಂಚು ಇನ್ನೂ ಉಣ್ಣೆಯ ಹಾಗೆ ಮಸುಕಾಗಿತ್ತು. ಮೆರೂನ್ ಬಟ್ಟೆ ಬಟ್ಟೆಯೇ ಎಂದು ಗೊತ್ತಾಗುತ್ತಿತ್ತು, ಕ್ಯಾಪೋ ಲಂಗವೋ ಹೇಳಲಾಗುತ್ತಿರಲಿಲ್ಲ.

"ಇಷ್ಟುದ್ದ ಲೆನ್ಸಿಗೆ ಒಳಗಿನ ಹಲಗೆಗೆ ಜರುಗೋಕೆ ಜಾಗ ಸಾಲಲ್ಲ," ಎಂದರು ಮಾವ. ಈಗ ಅವರ ದನಿಯಲ್ಲಿ ಜಂಬ ಕಮ್ಮಿಯಾಗಿತ್ತು. "ಬೆಳಕೂ ಕಮ್ಮಿ. ಅರ್ಧ ನಡುಕ ಅದು ನುಂಗುತ್ತೆ. ಉಳಿದರ್ಧ ನಾವೇ ನಿಲ್ಲಿಸ್ಬೇಕು. ಸ್ಟ್ಯಾಂಡ್ ತರ್ಬೇಕಿತ್ತು."

ಆಗ ಯಾರೂ ನೆನಸದ್ದು ನಡೆಯಿತು. ಮುನಿಸ್ವಾಮಪ್ಪ ತಾತ ಎದ್ದರು. ದಡದಡ ಇಳಿದು ಹೋಗಿ, ಅರ್ಧ ರಾಗಿ ಇದ್ದ ಮೂಟೆಯೊಂದನ್ನು ಹೆಗಲ ಮೇಲೆ ಹೊತ್ತು ತಂದು, ತಾರಸಿಯ ಅಡ್ಡಗೋಡೆಯ ಮೇಲೆ ದೊಪ್ಪನೆ ಇಟ್ಟರು. ಮಧ್ಯದಲ್ಲಿ ಗುದ್ದಿ ಹಳ್ಳ ಮಾಡಿದರು.

"ಇಡಪ್ಪಾ ಇದ್ರ ಮೇಲೆ ನಿನ್ ಸೋರೆಕಾಯ್ನ. ಅದು ನಾಯೋ ಅದ್ದೋ ಇವತ್ತು ಗೊತ್ತಾಗ್ಲೇಬೇಕು."

ಲೆನ್ಸು ರಾಗಿಯೊಳಗೆ ಮಗು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿತು. ಆದರೆ ಈಗ ಹದ್ದು ಗೂಡಿನಲ್ಲಿ ಅತ್ತ ತಿರುಗಿತು, ಇತ್ತ ತಿರುಗಿತು. ಬಟ್ಟೆಯ ಮೇಲೇ ಕುಳಿತುಬಿಟ್ಟಿತು.

"ನನ್ ಕೈ ಅಲ್ಲಾಡಿದ್ರೆ ಕ್ಯಾಮೆರಾ ನೋಡ್ಕೊಳ್ಳುತ್ತೆ," ಎಂದರು ಮಾವ. "ಹದ್ದು ಅಲ್ಲಾಡಿದ್ರೆ ಹದ್ದಿಗೇ ಹೇಳ್ಬೇಕು."

ತಾತ ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು ಗೋಪುರದ ಕಡೆ ಕೂಗಿದರು. "ಏಯ್! ಸುಮ್ಕಿರಮ್ಮಾ ಒಂದ್ ಗಳಿಗೆ! ಪಕ್ಕಕ್ ಸರ್ಕೋ!"

ಬೇಲಿಯ ಹತ್ತಿರದ ವಾಚ್‌ಮನ್ ತನಗೇ ಎಂದುಕೊಂಡು ಪಕ್ಕಕ್ಕೆ ಸರಿದ.

ಕಾದರು. ಕೆಳಗಿನಿಂದ ಸೊಣ್ಣಪ್ಪ ಎರಡನೇ ಮುದ್ದೆ ಬೇಡ ಬೇಡ ಎನ್ನುವುದು ಕೇಳಿಸಿತು. ಆಮೇಲೆ ಇಕ್ಕಿಸಿಕೊಂಡದ್ದೂ ಕೇಳಿಸಿತು. ನವ್ಯಶ್ರೀ ಒಂದು ಕೈಯಲ್ಲಿ ಜಾಮೂನಿನ ಕಿವಿ ಹಿಡಿದುಕೊಂಡಿದ್ದಳು. ಪಾಪಕ್ಕಜ್ಜಿ ಅವರೆಕಾಯಿಯನ್ನು ಸದ್ದಾಗದ ಹಾಗೆ ಸುಲಿಯುತ್ತಿದ್ದರು.

ಹದ್ದು ರೆಕ್ಕೆ ಬಿಚ್ಚಿತು. ಹಾರಿತು.

ಚಕ್ ಚಕ್ ಚಕ್ ಚಕ್.

ಪರದೆಯ ಮೇಲೆ ಗೂಡಿನ ಒಂದೊಂದು ಕಡ್ಡಿಯೂ ಕಾಣಿಸಿತು. ಕಡ್ಡಿಗಳ ಮಧ್ಯೆ ಒಂದು ಮಂಕಿ ಕ್ಯಾಪ್. ಮುಖ ತೂರಿಸುವ ಜಾಗದಲ್ಲಿ ತಾತನ ಮುಖ ಇರಲಿಲ್ಲ. ಬೂದು ಬಣ್ಣದ ಒಂದು ಪುಟ್ಟ ಮುಖ ಬಾಯಿ ತೆರೆದುಕೊಂಡು ಕುಳಿತಿತ್ತು.

"ಮರಿ!" ಎಂದ ಮಂಜೇಶ. "ಮರಿ ಕ್ಯಾಪ್ ಹಾಕ್ಕೊಂಡಿದೆ!"

ತಾತ ಗಂಟಲು ಸರಿಮಾಡಿಕೊಂಡರು. "ಲೋಕದಲ್ಲಿ ಮಂಕಿ ಕ್ಯಾಪು ನನ್ನೊಬ್ಬಂದೇನಾ? ಮಾರಿಕುಪ್ಪದ ಕಡೆ ಯಾರ್ದೋ ಇದ್ದಾತು."

ಪಾಪಕ್ಕಜ್ಜಿ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದರು. "ಇದೇನಿದು ಅಸ್ರು ದಾರ? ಅಯ್ಯೋ ದೇವುಡಾ, ನನ್ ಒಲಿಗೆ! ಕಿವಿ ತಾವ ತೂತು ಆಗಿತ್ತಲ್ಲ. ಮೆರೂನ್ ಉಲ್ಲನ್ ಇಲ್ಲ ಅಂತ ಗಿಳಿ ಅಸ್ರು ಆಕಿದ್ನಲ್ಲ. ಮೆರೂನ್ ಕ್ಯಾಪಿಗೆ ಗಿಳಿ ಅಸ್ರು ಆಕೋಳು ಈ ಕೆಜಿಎಫ್‌ನಾಗೆ ಇನ್ಯಾರಿದ್ದಾಳೆ?"

ತಾತ ಫೋಟೋ ನೋಡಿದರು. ಗೋಪುರ ನೋಡಿದರು. ಜಾಮೂನನ್ನು ಮಾತ್ರ ನೋಡಲಿಲ್ಲ. ಜಾಮೂನು ಅವರ ಪಾದ ನೆಕ್ಕಿತು.

ಸೊಣ್ಣಪ್ಪ ಬಾಯಿ ಒರೆಸಿಕೊಳ್ಳುತ್ತಾ ಹತ್ತಿ ಬಂದು ಹಗ್ಗ ಎತ್ತಿಕೊಂಡ. "ಬರ್ಲಾ ಮುನಿಸ್ವಾಮಣ್ಣ? ನಾಯಿ ಕಟ್ಲಾ?"

ನವ್ಯಶ್ರೀ ಜಾಮೂನಿನ ಮುಂದೆ ಬಂದು ನಿಂತಳು.

"ಯಾವ್ ನಾಯಿ?" ಎಂದರು ತಾತ. "ಓಗಯ್ಯಾ. ಬೊಗಳೋಕ್ ಬರ್ದಿರೋ ನಾಯಿ ನಿನ್ಗೆ ಯಾಕೆ? ಮೆಟ್ಲು ಇಳ್ಸೋಕೇ ಇಬ್ರು ಬೇಕು."

ಅದು ನಿಜವೇ ಆಗಿತ್ತು. ಜಾಮೂನನ್ನು ಇಳಿಸುವುದಕ್ಕೆ ಮಾವ ಮುಂದಿನ ಕಾಲು, ಸೊಣ್ಣಪ್ಪ ಹಿಂದಿನ ಕಾಲು ಹಿಡಿಯಬೇಕಾಯಿತು.

*

ಸೋಮವಾರ ಬೆಳಿಗ್ಗೆ ನವ್ಯಶ್ರೀ ಹಾಲಿನ ಪಾತ್ರೆ ಹಿಡಿದು ಕೊಟ್ಟಿಗೆಯ ಹತ್ತಿರ ಹೋದಳು. ನಾಲ್ಕೈದು ಜನ ಆಗಲೇ ನಿಂತಿದ್ದರು. ತಾತ ಒಂದು ಕೈಯಲ್ಲಿ ಹಾಲು ಅಳೆಯುತ್ತಾ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು. ಮಾವ ಫೋಟೋವನ್ನು ರಾತ್ರಿಯೇ ಕಳಿಸಿದ್ದರು.

"ನೋಡ್ರಮ್ಮಾ ಅನಸೂಯಮ್ಮ, ನನ್ ಕ್ಯಾಪು. ಒಳಗೆ ಮರಿ ಐತೆ. ನಾನು ಅವತ್ತೇ ಏಳ್ದೆ. ಇದು ನಾಯಿ ಕೆಲ್ಸ ಅಲ್ಲ, ಅದ್ದಿನ್ ಕೆಲ್ಸ ಅಂತ. ಒಬ್ರಾದ್ರೂ ನಂಬ್ಬೇಕಲ್ಲ!"

ನವ್ಯಶ್ರೀಯ ಬಾಯಿ ತೆರೆಯಿತು. ಹೇಳಿದ್ದು ತಾತ ಅಲ್ಲ, ನಾನು! ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಹೌದಾ? ಮೊದಲ ದಿನಾನೇ ಗೊತ್ತಾಗಿತ್ತಾ ನಿಮಗೆ?" ಎದುರು ಮನೆಯ ಅನಸೂಯಮ್ಮ ಕೇಳಿದರು. ಅವರಿಗೆ ನಂಬಿಕೆ ಬಂದ ಹಾಗಿರಲಿಲ್ಲ. ಶುಕ್ರವಾರದ ಕೂಗಾಟ ಬೀದಿಗೆಲ್ಲ ಕೇಳಿಸಿತ್ತು.

"ಬೇಕಾದ್ರೆ ಈ ಮಗೀನೇ ಕೇಳಿ," ಎಂದರು ತಾತ.

ಎಲ್ಲರೂ ನವ್ಯಶ್ರೀಯ ಕಡೆ ತಿರುಗಿದರು. ತಾತ ಮಾತ್ರ ತಿರುಗಲಿಲ್ಲ. ಅಳತೆಯ ಪಾತ್ರೆಯೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಬಗ್ಗಿ ನೋಡುತ್ತಿದ್ದರು. ಬಗ್ಗಿದವರು ಅದರಲ್ಲಿ ಉಳಿದಿದ್ದ ಹಾಲನ್ನು, ಯಾರಿಗೂ ಕಾಣದ ಹಾಗೆ, ಕಾಲ ಹತ್ತಿರವಿದ್ದ ಒಂದು ಸ್ಟೀಲ್ ತಟ್ಟೆಗೆ ಸುರಿದರು. ಹೊಸ ತಟ್ಟೆ. ಅದರ ಮುಂದೆ ಜಾಮೂನು ಕುಳಿತಿತ್ತು.

ಅನಸೂಯಮ್ಮನಿಗೆ ಕಾಣಿಸಿಬಿಟ್ಟಿತು. "ನಾಯಿಗೆ ಹಾಕೋ ಹಾಲು ನಮಗೆ ಕೊಡೋದಕ್ಕಿಂತ ಗಟ್ಟಿಯಾಗಿದೆಯಲ್ಲ!"

"ಅದು ಚೆಲ್ಲೋ ಆಲು ಕಣಮ್ಮಾ," ಎಂದರು ತಾತ, ಇನ್ನೂ ಬಗ್ಗಿಕೊಂಡೇ.

ನವ್ಯಶ್ರೀ ತಟ್ಟೆಯನ್ನು ನೋಡಿದಳು. ತಾತನ ಬಗ್ಗಿದ ಬೆನ್ನನ್ನು ನೋಡಿದಳು. ನಾಲಿಗೆಯ ತುದಿಯ ಮಾತನ್ನು ಮೆಲ್ಲಗೆ ನುಂಗಿದಳು.

"ಹೂಂ ಆಂಟಿ," ಎಂದಳು. "ತಾತನೇ ಹೇಳಿದ್ದು."

ತಾತ ತಲೆ ಎತ್ತಿದರು. ಅವಳ ಪಾತ್ರೆ ತೆಗೆದುಕೊಂಡು ಅರ್ಧ ಲೀಟರ್ ಅಳೆದರು. ಆಮೇಲೆ ಕೊಸರು ಹಾಕಿದರು. ಮತ್ತೂ ಒಂದಿಷ್ಟು ಹಾಕಿದರು. ಹಾಲು ಪಾತ್ರೆಯ ಅಂಚಿಗೆ ಬಂತು.

ಅವಳು ಜಾಮೂನನ್ನು ಕರೆಯಲಿಲ್ಲ. ಅದು ಇನ್ನೂ ಕುಡಿಯುತ್ತಿತ್ತು. ಬೆನ್ನ ಹಿಂದೆ ತಾತ ಹೊಸದಾಗಿ ಬಂದವರಿಗೆ ಕತೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದ್ದರು. ಈ ಸಲ ಹದ್ದನ್ನು ಮೊದಲು ನೋಡಿದವರೂ ತಾತನೇ ಆಗಿದ್ದರು. ನವ್ಯಶ್ರೀ ಒಳಗೊಳಗೇ ನಗುತ್ತಾ, ಎರಡು ಕೈಯಲ್ಲೂ ಪಾತ್ರೆ ಹಿಡಿದು, ಹಾಲು ತುಳುಕದ ಹಾಗೆ ಮೆಲ್ಲಗೆ ಮನೆಯ ಕಡೆ ನಡೆದಳು.